ಮನೆಯ ನಾಯಿ-ಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆ: ಏಕೆ, ಯಾವಾಗ, ಹೇಗೆ?

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಅನೇಕ ಮನೆಗಳಲ್ಲಿ ನಾಯಿ, ಬೆಕ್ಕುಗಳು ಇಂದು ಕುಟುಂಬದ ಸದಸ್ಯರಂತೆಯೇ ಬೆಳೆಯುತ್ತಿವೆ. ಅವುಗಳ ಊಟ, ಸ್ನಾನ, ಲಸಿಕೆ ಎಲ್ಲದರಲ್ಲಿಯೂ ಮುತುವರ್ಜಿ ವಹಿಸುವ ಮನೆಯವರು ಒಂದು ವಿಷಯದಲ್ಲಿ ಮಾತ್ರ ಹಿಂಜರಿಯುತ್ತಾರೆ. ಅದು ಸಂತಾನಹರಣ ಶಸ್ತ್ರಚಿಕಿತ್ಸೆ. "ಮೂಕಪ್ರಾಣಿಗೆ ಹೀಗೆ ಮಾಡುವುದು ಪಾಪವಲ್ಲವೇ?", "ಒಂದು ಸಲವಾದರೂ ಮರಿ ಹಾಕಲಿ, ಆಮೇಲೆ ನೋಡೋಣ" ಎಂಬ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಈ ಹಿಂಜರಿಕೆಯ ಹಿಂದೆ ಇರುವುದು ಕರುಣೆಯೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಕರುಣೆ ಮುಂದೆ ಹುಟ್ಟಲಿರುವ ಮರಿಗಳಿಗೂ ಸಲ್ಲಬೇಕಲ್ಲವೇ?

ಊರಿನ ಮನೆಗಳಲ್ಲಿ ಹಿತ್ತಿಲಿತ್ತು, ಕೊಟ್ಟಿಗೆಯಿತ್ತು, ಅಟ್ಟವಿತ್ತು. ಬೆಕ್ಕು ಮರಿ ಹಾಕಿದರೆ ಒಂದೆರಡು ಅಲ್ಲಿಯೇ ಉಳಿಯುತ್ತಿದ್ದವು, ಇನ್ನೆರಡು ನೆರೆಮನೆಯ ಇಲಿಗಳ ಕಾಟಕ್ಕೆ ಮದ್ದಾಗುತ್ತಿದ್ದವು. ನಾಲ್ಕನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಆ ಅನುಕೂಲವಿಲ್ಲ. ಮೊದಲ ಸಲದ ಮರಿಗಳಿಗೆ ಬಂಧುಮಿತ್ರರ ಮನೆಗಳು ದೊರೆಯಬಹುದು. ಎರಡನೆಯ ಸಲ ಕೇಳಿದರೆ ಅವರೇ ಮುಖ ತಿರುಗಿಸುತ್ತಾರೆ. ಕೊನೆಗೆ ಮೀನು ಮಾರುಕಟ್ಟೆಯ ಬದಿಯಲ್ಲೋ ದೇವಸ್ಥಾನದ ಹಿಂಬದಿಯಲ್ಲೋ ಚೀಲ ಬಿಚ್ಚಿ ಬಿಟ್ಟು ಬರುವ ಪ್ರಸಂಗ ಒದಗುತ್ತದೆ. ಹಾಲು ಬಿಡದ ಮರಿ ಅಲ್ಲಿ ಬದುಕುವುದು ಬಲು ಕಷ್ಟ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ವಿಧಿಯ ಪ್ರಕಾರ ಅಪರಾಧವೂ ಹೌದು. ಮೊದಲ ಅಪರಾಧಕ್ಕೆ ಅಲ್ಲಿ ಹೇಳಿರುವ ದಂಡ 10ರಿಂದ 50 ರೂಪಾಯಿ ಮಾತ್ರ. ದಂಡ ಅಲ್ಪವೆಂದ ಮಾತ್ರಕ್ಕೆ ಮರಿಗಳ ಸಂಕಟವೇನೂ ಅಲ್ಪವಾಗುವುದಿಲ್ಲ.

ಮರಿಗಳ ಲೆಕ್ಕ

ಬೆಕ್ಕು ನಾಲ್ಕರಿಂದ ಆರು ತಿಂಗಳಿಗೇ ಬೆದೆಗೆ ಬರಬಹುದು. ನಮ್ಮ ಕಣ್ಣಿಗೆ ಅದಿನ್ನೂ ಮರಿಯೇ. ಗರ್ಭಾವಧಿ ಸುಮಾರು ಒಂಬತ್ತು ವಾರ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಗಬ್ಬವಾಗಬಲ್ಲದು. ವರ್ಷಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಮರಿಗಳೆಂದು ಹಿಡಿದರೂ ಒಂದು ಬೆಕ್ಕಿನಿಂದ ಎಂಟು ಮರಿಗಳಾದವು. ಒಡಹುಟ್ಟಿದ ಗಂಡು ಹೆಣ್ಣುಗಳು ಕೂಡುವುದಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಅದರ ಗರ್ಭಾವಧಿಯೂ ಸುಮಾರು 63 ದಿನ.

ಶಸ್ತ್ರಚಿಕಿತ್ಸೆಯ ಸ್ವರೂಪ

ಹೋರಿಯ ಬೀಜ ಒಡೆಸಿ ಎತ್ತು ಮಾಡುವುದನ್ನು ಊರಿನಲ್ಲಿ ಕಂಡ ಹಿರಿಯರು ಈ ಹೆಸರು ಕೇಳಿದೊಡನೆ ಬೆಚ್ಚುವುದು ಸಹಜ. ಅಂದು ಅರಿವಳಿಕೆಯಿಲ್ಲದೆ ನಡೆಯುತ್ತಿದ್ದ ಆ ಕ್ರಿಯೆಗೂ ಇಂದಿನ ಚಿಕಿತ್ಸೆಗೂ ಹೋಲಿಕೆಯಿಲ್ಲ. ಈಗ ಪ್ರಾಣಿಗೆ ಪೂರ್ಣ ಅರಿವಳಿಕೆ ನೀಡಿ, ಗಂಡಾದರೆ ವೃಷಣಗಳನ್ನು, ಹೆಣ್ಣಾದರೆ ಅಂಡಾಶಯಗಳನ್ನು ಮತ್ತು ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ನೋವು ನಿವಾರಕವನ್ನೂ ಕೊಡುತ್ತಾರೆ. ಗಂಡಿನ ಚಿಕಿತ್ಸೆ ಸರಳ. ಹೆಣ್ಣಿನದು ಹೊಟ್ಟೆಯ ಶಸ್ತ್ರಚಿಕಿತ್ಸೆಯಾದುದರಿಂದ ಚೇತರಿಕೆಗೆ ಹೆಚ್ಚು ದಿನ ಬೇಕು. ಅರಿವಳಿಕೆಯಲ್ಲಿ ಅಪಾಯವೇ ಇಲ್ಲವೆಂದು ಯಾವ ವೈದ್ಯರೂ ಹೇಳಲಾರರು. ಆದರೆ ಆರೋಗ್ಯವಂತ ಎಳೆಯ ಪ್ರಾಣಿಯಲ್ಲಿ ಅದು ತೀರ ಕಡಿಮೆ.

ಬೆದೆಯನ್ನು ಮುಂದೂಡಲು ಚುಚ್ಚುಮದ್ದು ಅಥವಾ ಮಾತ್ರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಇದಕ್ಕಾಗಿ ಬಳಸುವ ಹಾರ್ಮೋನ್ ಔಷಧಿಗಳು ಗರ್ಭಕೋಶದ ಸೋಂಕು ಹಾಗೂ ಸ್ತನದ ಗೆಡ್ಡೆಗಳ ಸಂಭವವನ್ನು ಹೆಚ್ಚಿಸುತ್ತವೆ. ಮೇಲಿಂದ ಮೇಲೆ ಇವುಗಳ ಮೊರೆಹೋಗುವುದು ಸರಿಯಲ್ಲ.

ಲಾಭವೇನು, ನಷ್ಟವೇನು?

ಹೆಣ್ಣುಪ್ರಾಣಿಗೆ ದೊರೆಯುವ ದೊಡ್ಡ ರಕ್ಷಣೆ ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗದಿಂದ. ನಡುವಯಸ್ಸು ದಾಟಿದ ನಾಯಿಗಳಲ್ಲಿ, ಬೆದೆ ಮುಗಿದ ಕೆಲವು ವಾರಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ನಾಯಿ ಊಟ ಬಿಟ್ಟು, ಅತಿಯಾಗಿ ನೀರು ಕುಡಿದು, ಮಂಕಾಗಿ ಮಲಗುತ್ತದೆ. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ಆಗ ಮಾಡಬೇಕಾದುದೂ ಇದೇ ಶಸ್ತ್ರಚಿಕಿತ್ಸೆ. ಆದರೆ ಬಳಲಿದ ದೇಹದ ಮೇಲೆ, ಹೆಚ್ಚಿನ ಅಪಾಯದೊಡನೆ. ಒಮ್ಮೆ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಸಮರ್ಥನೆಯಿಲ್ಲ.

ಗಂಡುಬೆಕ್ಕು ಮೂಲೆಮೂಲೆಗೆ ಮೂತ್ರ ಸಿಂಪಡಿಸುವುದು, ರಾತ್ರಿಯಿಡೀ ಅಲೆದು ಕಚ್ಚಾಡಿ ಗಾಯಗೊಂಡು ಬರುವುದು ಬಹುಮಟ್ಟಿಗೆ ತಗ್ಗುತ್ತದೆ. ನಾಯಿಯ ಅಲೆದಾಟವೂ ಕಡಿಮೆಯಾಗುತ್ತದೆ. ಆದರೆ ಭಯದಿಂದ ಕಚ್ಚುವ ನಾಯಿ ಇದರಿಂದಲೇ ಸಾಧುವಾಗುತ್ತದೆಂದು ನಿರೀಕ್ಷಿಸಬಾರದು. ಅದಕ್ಕೆ ಬೇಕಾದುದು ತರಬೇತಿ. ಹಾಗೆಯೇ, ಕಾವಲು ಕಾಯುವ ಗುಣವೂ ಇದರಿಂದ ಮರೆಯಾಗುವುದಿಲ್ಲ.

ಪ್ರಾಣಿ ದಪ್ಪಗಾಗುತ್ತದೆ ಎಂಬ ದೂರಿನಲ್ಲಿ ನಿಜಾಂಶವಿದೆ. ಚಿಕಿತ್ಸೆಯ ನಂತರ ದೇಹಕ್ಕೆ ಬೇಕಾದ ಆಹಾರ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಮೊದಲಿನಷ್ಟೇ ಅನ್ನ, ಜತೆಗೆ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಹಾಕುವ ಬಿಸ್ಕತ್ತು ಸೇರಿದರೆ ಬೊಜ್ಜು ಬರದೆ ಇರದು. ಊಟವನ್ನು ಅಳೆದು ಹಾಕುವುದೇ ಪರಿಹಾರ.

ಯಾವ ವಯಸ್ಸಿನಲ್ಲಿ?

ಬೆಕ್ಕಿಗೆ ಐದು ತಿಂಗಳ ಸುಮಾರಿನಲ್ಲಿ, ಮೊದಲ ಬೆದೆಗೆ ಮುನ್ನವೇ ಮಾಡಿಸುವುದು ಸೂಕ್ತವೆಂಬುದು ಇಂದಿನ ಸಾಮಾನ್ಯ ಸಲಹೆ. ನಾಯಿಗಳಿಗೆ ಒಂದೇ ಅಳತೆಗೋಲು ಸಲ್ಲದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2013ರಲ್ಲಿ ಗೋಲ್ಡನ್ ರಿಟ್ರೀವರ್ ನಾಯಿಗಳನ್ನೂ, 2020ರಲ್ಲಿ 35 ತಳಿಗಳನ್ನೂ ಕುರಿತು ಪ್ರಕಟಿಸಿದ ಅಧ್ಯಯನಗಳು ಮುಖ್ಯವಾದವು. ಕೆಲವು ದೊಡ್ಡ ತಳಿಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಚಿಕಿತ್ಸೆ ಮಾಡಿಸಿದರೆ ಕೀಲುಗಳ ತೊಂದರೆ ಹೆಚ್ಚುವುದನ್ನು ಅವು ತೋರಿಸಿದವು. ಚಿಕ್ಕ ತಳಿಗಳಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಆದುದರಿಂದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ನಾಯಿ ಸಾಕಿದವರು ತಳಿ, ಲಿಂಗ, ತೂಕಗಳನ್ನು ತಿಳಿಸಿ, ತಕ್ಕ ವಯಸ್ಸನ್ನು ಪಶುವೈದ್ಯರೊಡನೆ ನಿರ್ಧರಿಸಬೇಕು. ಅಲ್ಲಿಯವರೆಗೆ ಬೆದೆಯ ದಿನಗಳಲ್ಲಿ ನಾಯಿಯನ್ನು ಹಗ್ಗವಿಲ್ಲದೆ ಹೊರಗೆ ಬಿಡಬಾರದು.

ಮುಂಚೆ ಮತ್ತು ಆಮೇಲೆ

ಲಸಿಕೆಗಳು ಮುಗಿದಿರಬೇಕು, ಜಂತುಹುಳುವಿನ ಔಷಧಿ ಕೊಟ್ಟಿರಬೇಕು. ರಕ್ತಪರೀಕ್ಷೆ ಬೇಕೇ, ಎಷ್ಟು ಹೊತ್ತು ಉಪವಾಸವಿಡಬೇಕು ಎಂಬುದನ್ನು ವೈದ್ಯರಿಂದಲೇ ತಿಳಿಯಬೇಕು; ಎಳೆಮರಿಗಳನ್ನು ಬಹಳ ಹೊತ್ತು ಹಸಿದಿಡಬಾರದು. ಮನೆಗೆ ತಂದ ಮೇಲೆ ಬೆಚ್ಚಗಿನ ಶಾಂತ ಮೂಲೆಯಲ್ಲಿ ಮಲಗಿಸಿ, ಹೊಲಿಗೆ ನೆಕ್ಕದಂತೆ ಕತ್ತಿಗೆ ಕೋನ್ ಹಾಕಬೇಕು. ಹತ್ತರಿಂದ ಹದಿನಾಲ್ಕು ದಿನ ನೆಗೆತ, ಓಟ, ಸ್ನಾನ ಬೇಡ. ಗಾಯ ಊದಿಕೊಂಡರೆ, ರಕ್ತ ಅಥವಾ ಕೀವು ಒಸರಿದರೆ, ವಸಡು ಬಿಳಿಚಿಕೊಂಡರೆ, ಮರುದಿನವೂ ಊಟ ಮುಟ್ಟದಿದ್ದರೆ ಒಡನೆಯೇ ವೈದ್ಯರನ್ನು ಕಾಣಬೇಕು.

ಒಂದು ಎಚ್ಚರಿಕೆ ಅತ್ಯಗತ್ಯ. ನೋವಾಗಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬಾರದು. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಇನ್ನೊಂದು ಮಾತು: ಚಿಕಿತ್ಸೆಯಾದ ಗಂಡುಪ್ರಾಣಿಯಿಂದ ಮುಂದಿನ ಕೆಲವು ವಾರಗಳವರೆಗೂ ಗರ್ಭವಾಗುವ ಸಂಭವವಿದೆ. ಸುಮಾರು ಒಂದು ತಿಂಗಳು ಹೆಣ್ಣಿನಿಂದ ದೂರವಿಡಬೇಕು.

ಯಾರ ಹೊಣೆ?

2001ರ ನಿಯಮಗಳ ಸ್ಥಾನದಲ್ಲಿ 2023ರಲ್ಲಿ ಜಾರಿಗೆ ಬಂದ ಕೇಂದ್ರದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಲಸಿಕೆ ಮತ್ತು ಸಂತಾನಹರಣದ ಹೊಣೆಯನ್ನು ಸಾಕಿದವರ ಮೇಲೆಯೇ ಹೊರಿಸಿವೆ. ಖಾಸಗಿ ಚಿಕಿತ್ಸಾಲಯಗಳ ವೆಚ್ಚ ಹೆಚ್ಚೆನಿಸಿದರೆ ಮುಂಬಯಿಯ ಪರೇಲ್‌ನಲ್ಲಿರುವ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ, ಚೆನ್ನೈ ವೆಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಹಳೆಯ ಸಂಸ್ಥೆಗಳಲ್ಲಿ ವಿಚಾರಿಸಬಹುದು.

ನಾವು ಸಾಕಿದ ಪ್ರಾಣಿಯ ಅನ್ನ, ಔಷಧಿ, ಆಶ್ರಯಗಳ ಹೊಣೆಯನ್ನು ಸಂತೋಷದಿಂದ ಹೊತ್ತಿದ್ದೇವೆ. ಅದರ ಎಲ್ಲ ಮರಿಗಳಿಗೂ ಅಷ್ಟೇ ಮಾಡಬಲ್ಲೆವೇ ಎಂದು ಮನೆಮಂದಿ ಒಟ್ಟಿಗೆ ಕುಳಿತು ಯೋಚಿಸಬೇಕು. ಉತ್ತರ 'ಇಲ್ಲ' ಎಂದಾದರೆ, ಮೊದಲ ಬೆದೆಗೆ ಕಾಯದೆ ಈ ವಾರವೇ ಪಶುವೈದ್ಯರೊಡನೆ ಮಾತನಾಡಿರೆಂದು ಓದುಗರಲ್ಲಿ ನಮ್ಮ ವಿನಂತಿ.