ಕಾಣದ ಕಾರ್ಯಕ್ಕೊಂದು ಸ್ಮಾರಕ

ಯುದ್ಧ ಗೆದ್ದವರಿಗೆ ವಿಜಯಸ್ತಂಭಗಳುಂಟು. ರಣದಲ್ಲಿ ಮಡಿದವರಿಗೆ ವೀರಗಲ್ಲುಗಳುಂಟು. ಯುದ್ಧವೇ ನಡೆಯದಂತೆ ತಡೆದವನಿಗೆ ಯಾವ ಕಲ್ಲು? ರಾಯಭಾರಿಯ ಕಾರ್ಯ ಫಲಿಸಿದರೆ ಕಣ್ಣಿಗೆ ಕಾಣುವಂಥದೇನೂ ಉಳಿಯುವುದಿಲ್ಲ. ಊರು ಸುಡಲಿಲ್ಲ, ಮಕ್ಕಳು ತಬ್ಬಲಿಗಳಾಗಲಿಲ್ಲ, ಅಷ್ಟೆ. ನಡೆಯದೆ ಹೋದ ಅನಾಹುತವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದೆಂತು?

ಈ ಕಠಿಣ ಕಾರ್ಯವನ್ನು ಅಮೆರಿಕ ಕೈಗೆತ್ತಿಕೊಂಡಿತು. ಕಳೆದ ಶತಮಾನದ ಕೊನೆಯಲ್ಲಿ ನಿವೃತ್ತ ರಾಯಭಾರಿ ಸ್ಟೀಫನ್ ಲೋ ಹಾಗೂ ಮಾಜಿ ಸೆನೆಟರ್ ಚಾರ್ಲ್ಸ್ ಮಥಾಯಸ್ ಅವರು ರಾಯಭಾರ ಕಾರ್ಯಕ್ಕೊಂದು ವಸ್ತುಸಂಗ್ರಹಾಲಯ ಬೇಕೆಂದು ಸಂಕಲ್ಪಿಸಿದರು. ಸರ್ಕಾರದ ಸ್ಥಳ, ದಾನಿಗಳ ಧನ ಎರಡೂ ಕೂಡಿದವು. 2014ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಯ ಭವನದಲ್ಲಿ ಅಂದಿನ ವಿದೇಶಾಂಗ ಸಚಿವ ಜಾನ್ ಕೆರಿಯವರೊಡನೆ ಕಿಸಿಂಜರ್, ಬೇಕರ್, ಆಲ್‌ಬ್ರೈಟ್, ಪೊವೆಲ್, ಹಿಲರಿ ಕ್ಲಿಂಟನ್ ಎಂಬ ಐವರು ಮಾಜಿ ಸಚಿವರು ಪಕ್ಷಭೇದ ಮರೆತು ಗುದ್ದಲಿ ಹಿಡಿದರು. ಗಾಜಿನ ಮಂಟಪ 2017ರ ಜನವರಿಯಲ್ಲಿ ಸಿದ್ಧವಾಯಿತು. 2019ರಲ್ಲಿ ಅದಕ್ಕೆ ‘ಅಮೆರಿಕದ ರಾಯಭಾರದ ರಾಷ್ಟ್ರೀಯ ವಸ್ತುಸಂಗ್ರಹಾಲಯ’ವೆಂಬ ಹೆಸರಾಯಿತು.

ಅಲ್ಲಿಯ ಮುಖ್ಯ ವಸ್ತು ಬರ್ಲಿನ್ ಗೋಡೆಯ ಒಂದು ತುಂಡು. ಎತ್ತರ 13 ಅಡಿ. ಜರ್ಮನಿಯ ಏಕೀಕರಣಕ್ಕೆ ದುಡಿದ 27 ನಾಯಕರ ಸಹಿಗಳು ಅದರ ಮೇಲಿವೆ. 1989ರಲ್ಲಿ ಜನರೇ ಆ ಗೋಡೆಯನ್ನು ಭೇದಿಸಿದರು, ನಿಜ. ಆದರೆ ಮರುವರ್ಷ ಎರಡು ಜರ್ಮನಿಗಳು ರಕ್ತಪಾತವಿಲ್ಲದೆ ಒಂದಾದುದು ಮಾತಿನ ಬಲದಿಂದ. ಮೇಲೆ ನಾವು ಕೇಳಿದ ಪ್ರಶ್ನೆಗೆ ಈ ಕಾಂಕ್ರೀಟಿನ ಚಪ್ಪಡಿಯೇ ಉತ್ತರ.

ಈ ವೃತ್ತಿ ಸುಖದ ಪಲ್ಲಕ್ಕಿಯಲ್ಲ. ಅದೇ ಇಲಾಖೆಯ ಭವನದಲ್ಲಿ, ಹೊರನಾಡಿನಲ್ಲಿ ಕರ್ತವ್ಯನಿರತರಾಗಿ ಮಡಿದವರ ನಾಮಫಲಕಗಳಿವೆ. ಮೊದಲ ಫಲಕ ಅನಾವರಣಗೊಂಡುದು 1933ರಲ್ಲಿ. ಮೊದಲ ಹೆಸರು ವಿಲಿಯಂ ಪಾಲ್ಫ್ರಿಯದು. ಫ್ರಾನ್ಸಿಗೆ ಹೊರಟ ಆತ 1780ರಲ್ಲಿ ಕಡಲಿನಲ್ಲಿ ಕಣ್ಮರೆಯಾದ. 1979ರಲ್ಲಿ ಟೆಹರಾನಿನಲ್ಲಿ ಸೆರೆಸಿಕ್ಕವರಲ್ಲಿ 52 ಮಂದಿ 444 ದಿನ ಒತ್ತೆಯಾಳುಗಳಾಗಿದ್ದರು. 1998ರ ಆಗಸ್ಟ್ 7ರಂದು ನೈರೋಬಿ ಹಾಗೂ ದಾರ್ ಎಸ್ ಸಲಾಮ್‌ನ ರಾಯಭಾರ ಕಚೇರಿಗಳಲ್ಲಿ ಬಾಂಬು ಸಿಡಿದು 224 ಜನ ಅಸುನೀಗಿದರು. ಅವರಲ್ಲಿ ಬಹುಪಾಲು ಆಫ್ರಿಕದ ಸಾಮಾನ್ಯರು. ದೊಡ್ಡ ದೇಶದ ಸ್ಮಾರಕ ಅವರನ್ನೂ ನೆನೆಯಬೇಕೆಂಬುದು ನಮ್ಮ ಅಭಿಪ್ರಾಯ. ರಾಯಭಾರವೆಂದರೆ ಪರರ ನೋವನ್ನು ಕೇಳಿಸಿಕೊಳ್ಳುವುದೂ ಹೌದಷ್ಟೆ.

ದೂತನು ಅವಧ್ಯನೆಂಬುದು ನಮ್ಮಲ್ಲಿ ಹಳೆಯ ಧರ್ಮ. ಹನುಮಂತನನ್ನು ಕೊಲ್ಲಹೊರಟ ರಾವಣನಿಗೆ ವಿಭೀಷಣ ಹೇಳಿದ್ದು ಇದನ್ನೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರಿಗಾಗಿಯೇ ಒಂದು ಪ್ರಕರಣವುಂಟು. ಶ್ರೀಕೃಷ್ಣನ ಸಂಧಾನ ಫಲಿಸಲಿಲ್ಲ. ಹದಿನೆಂಟು ಅಕ್ಷೋಹಿಣಿ ಸೈನ್ಯ ಅಳಿಯಿತು. ಸೋತ ಸಂಧಾನದ ಬೆಲೆ ನಮಗೆಲ್ಲ ಕಂಠಪಾಠ. ಗೆದ್ದ ಸಂಧಾನಗಳನ್ನೂ ಮಕ್ಕಳಿಗೆ ಕಥೆಯಾಗಿ ಹೇಳೋಣ. ಮನೆಯೊಳಗಿನ ಮುನಿಸನ್ನು ಮಾತಿನಿಂದ ತೀರಿಸಬಲ್ಲ ಹಿರಿಯರೂ ರಾಯಭಾರಿಗಳೇ ಅಲ್ಲವೆ?