ಹೊಂಬಾಳೆಯ ಬಾಯಲ್ಲೇ ಕಸ ತಡೆದರೆ

ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ದಾರಿಯ ಒಂದು ತೋಟದಲ್ಲಿ ಆಗಷ್ಟೇ ಇಳಿಸಿದ ಕಳ್ಳಿನ ಮಡಕೆಗೆ ಇಣುಕಿ ನೋಡಿದೆ. ನೊರೆಯ ಮೇಲೆ ಸತ್ತ ಜೇನುನೊಣಗಳು, ಅಂಚಿನಲ್ಲಿ ಚಗಳಿ ಇರುವೆ, ನಡುವೆ ಹೊಂಬಾಳೆಯ ಹುಡಿ. ಕಳ್ಳು ಇಳಿಸುವ ಮೂರ್ತೆದಾರರು ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಕಳ್ಳನ್ನು ನಿಧಾನಕ್ಕೆ ಸುರಿದರು. ಆಮೇಲೆ ಪಕ್ಕದ ಮರದಿಂದ ಇಳಿಸಿದ ಇನ್ನೊಂದು ಪಾತ್ರೆ ತೋರಿಸಿದರು. ಅದರಲ್ಲಿದ್ದದ್ದು ಜೇನಿನ ಬಣ್ಣದ ತಿಳಿರಸ. ತಳದವರೆಗೂ ಕಾಣುತ್ತಿತ್ತು, ಒಂದು ಇರುವೆಯೂ ಇರಲಿಲ್ಲ. "ಇದನ್ನು ಸೋಸುವುದೇ ಬೇಡ ಮಾರಾಯ್ರೇ" ಎಂದರು. ಆ ಎರಡು ಪಾತ್ರೆಗಳ ವ್ಯತ್ಯಾಸ ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಎರಡನೆಯದು ಕಲ್ಪರಸ, ಹುಳಿಯದ ತೆಂಗಿನ ರಸ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ರೂಪಿಸಿದ ಐಸ್ ಪೆಟ್ಟಿಗೆಯಲ್ಲಿ ಇಳಿಸಿದ್ದು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾಗಿ 1970ರಲ್ಲಿ ಈಗಿನ ರೂಪಕ್ಕೆ ಬಂದ ಸಂಸ್ಥೆ ಅದು. ಕಡಬ ತಾಲೂಕಿನ ಕಿದುವಿನಲ್ಲಿ ಅದರ ದೊಡ್ಡ ತೆಂಗಿನ ತೋಟವಿದೆ. ಪೆಟ್ಟಿಗೆ ಸರಳ: ಪಿವಿಸಿ ಕೊಳವೆಯ ಒಂದು ತುದಿ ಅಗಲವಾಗಿ, ಅದರೊಳಗೆ ಐಸ್, ಐಸಿನ ನಡುವೆ ರಸ ಬೀಳುವ ಪಾತ್ರೆ, ಹೊರಗೆ ಶಾಖ ತಡೆಯುವ ಹೊದಿಕೆ. ಇನ್ನೊಂದು ತುದಿಯೊಳಗೆ ಹೊಂಬಾಳೆಯ ಕೊಯ್ದ ಬಾಯಿ. ತಂಪಿಗೆ ರಸ ಹುಳಿಯುವುದಿಲ್ಲ, ಮುಚ್ಚಿದ್ದರಿಂದ ನೊಣ ಒಳಗೆ ಹೋಗುವುದಿಲ್ಲ. ಹಳೆಯ ಕ್ರಮದಲ್ಲಿ ಇಂಥ ಹುಳಿಯದ ರಸ, ಅಂದರೆ ನೀರಾ, ಬೇಕಾದರೆ ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಿದ್ದರು. ಹುಳಿಯುವುದು ತಡವಾಗುತ್ತಿತ್ತು ನಿಜ, ಆದರೆ ರಸ ಬೆಳ್ಳಗಾಗಿ ಸುಣ್ಣದ ಗಸಿಯೂ ಸೇರುತ್ತಿತ್ತು. ಹುಳಿ ತಡೆಯಲು ಇನ್ನೊಂದು ಕಸ. ಅದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಬಟ್ಟೆಯ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ನೊಣದ ಹೆಣ ಬಟ್ಟೆಯಲ್ಲಿ ಉಳಿಯುತ್ತದೆ, ಅದು ರಾತ್ರಿಯಿಡೀ ರಸದಲ್ಲಿ ನೆನೆದು ಬಿಟ್ಟದ್ದು ಉಳಿಯುವುದಿಲ್ಲ.

ಮನೆಯಲ್ಲೇ ಬಿಯರ್ ಮಾಡುವ ಹೊರದೇಶದವರ ತಾಪತ್ರಯ ಈ ಸೋಸುವ ಕಷ್ಟಕ್ಕೆ ಹತ್ತಿರದ್ದು. ಅವರು ಕಹಿಗೂ ಪರಿಮಳಕ್ಕೂ ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸುತ್ತಾರೆ. ಸಾರ ಬಿಟ್ಟ ಮೇಲೆ ಹೂವಿನ ಚೂರು ಹಸಿರು ಗಸಿಯಾಗಿ ಕೊಳವೆಗೆ ಸಿಕ್ಕಿಕೊಳ್ಳುತ್ತದೆ. ಕೆಲವರು ಹೂವನ್ನು ಬಟ್ಟೆಯ ಚೀಲದಲ್ಲಿಟ್ಟು ಇಳಿಬಿಡುತ್ತಾರೆ, ಕೆಲವರು ಬಿಯರನ್ನು ತಂಪು ಮಾಡಿ ಗಸಿ ತಳ ಸೇರಲು ಬಿಡುತ್ತಾರೆ. ನನಗೆ ಇಷ್ಟವಾದದ್ದು ಮೂರನೆಯ ಉಪಾಯ: ಕುದಿಸಿ ಇಳಿಸಿದ ಪಾತ್ರೆಯನ್ನು ಸುತ್ತ ಕಲಕಿ ಸುಮ್ಮನೆ ಬಿಡುವುದು. ಚೂರುಗಳೆಲ್ಲ ತಳದ ನಡುವೆ ಗುಡ್ಡೆಯಾಗುತ್ತವೆ, ಅಂಚಿನಿಂದ ತಿಳಿ ತೆಗೆಯಬಹುದು. ಜೀರಿಗೆ ಕಷಾಯ ಕಲಕಿಟ್ಟ ಲೋಟದಲ್ಲೂ ಆಗುವುದು ಇದೇ. ತಿರುಗುವ ನೀರು ತಳಕ್ಕೆ ಉಜ್ಜಿ ಅಲ್ಲಿ ವೇಗ ಕಳೆದುಕೊಳ್ಳುತ್ತದೆ. ಹೊರಗಿನ ಒತ್ತಡ ಆ ನಿಧಾನದ ಪದರವನ್ನು ನಡುವಿಗೆ ತಳ್ಳುತ್ತದೆ, ಗಸಿ ಅದರ ಜೊತೆ ಬಂದು ಅಲ್ಲೇ ಕೂರುತ್ತದೆ. ಕಲಕಿದ ಲೋಟದಲ್ಲಿ ಚಹಾಸೊಪ್ಪಿನ ಇದೇ ನಡತೆಯನ್ನು 1926ರಲ್ಲಿ ಐನ್‌ಸ್ಟೈನ್ ನದಿಗಳ ತಿರುವಿನ ಜೊತೆಗಿಟ್ಟು ವಿವರಿಸಿದ್ದರು.

ಕಳ್ಳಿಗೆ ಮಾತ್ರ ಇದು ನಡೆಯದು. ಹುಳಿಯುತ್ತಿರುವಾಗ ಏಳುವ ಗುಳ್ಳೆಗಳು ಗಸಿಯನ್ನು ಮತ್ತೆ ಮೇಲೆತ್ತುತ್ತವೆ, ನೊಣವೋ ತೇಲುತ್ತಲೇ ಇರುತ್ತದೆ. ಅಲ್ಲದೆ ಕಳ್ಳಿನ ತಳದ ಗಸಿ ಎಲ್ಲವೂ ಕಸವಲ್ಲ. ಅದರಲ್ಲಿ ಇರುವುದು ಹಿಟ್ಟು ಉಬ್ಬಿಸುವ ಯೀಸ್ಟ್. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಇಡ್ಲಿಯಂಥ ಸಾನ್ನ ಸಾಂಪ್ರದಾಯಿಕವಾಗಿ ಮೆತ್ತಗಾಗುವುದು ಕಳ್ಳಿನಿಂದ. ಹಾಗಾಗಿ ಕಳ್ಳಿನ ಕಸ ತಡೆಯಬೇಕಾದ ಜಾಗ ಒಂದೇ, ಹೊಂಬಾಳೆಯ ಬಾಯಿ.

ಐಸ್ ಪೆಟ್ಟಿಗೆಯಿಂದ ಎಲ್ಲ ಮೂರ್ತೆದಾರರಿಗೂ ಉಪಯೋಗವಾಗದು. ಕಳ್ಳು ಹುಳಿಯಲೇಬೇಕು, ತಂಪು ಅದಕ್ಕೆ ಅಡ್ಡಿ. ಬೆಳಿಗ್ಗೆ ಸಂಜೆ ಮರ ಹತ್ತುವವರ ಬೆನ್ನಿಗೆ ಐಸಿನ ಭಾರವೂ ಸೇರುತ್ತದೆ. ಆದರೆ ಆ ಪೆಟ್ಟಿಗೆಯ ಅರ್ಧ ಗುಣ ಇರುವುದು ಮುಚ್ಚಿದ ಕೊಳವೆಯಲ್ಲಿ. ಐಸ್ ಇಲ್ಲದ, ಹಗುರ, ದಿನವೂ ತೊಳೆಯಬಹುದಾದ ಕೊಳವೆಯೊಂದನ್ನು ಕಳ್ಳಿಗೆಂದೇ ಮಾಡಬೇಕು. ಗುಳ್ಳೆ ಹೊರಹೋಗಲು ಸಣ್ಣ ಬಲೆಯ ಕಿಂಡಿಯೊಂದಿದ್ದರೆ ಸಾಕು. ಸಂಸ್ಥೆಯವರೂ ನಮ್ಮ ಮೂರ್ತೆದಾರರ ಸಹಕಾರ ಸಂಘಗಳೂ ಕೂತು ಮಾತಾಡಿದರೆ ಸುಳ್ಯ, ಪುತ್ತೂರು, ಕಡಬದ ತೋಟಗಳಲ್ಲೇ ಅದನ್ನು ಕಟ್ಟಿ ನೋಡಬಹುದು.