ಕಿಟೆಲ್ ಕೊನೆಯ ದಿನ ಕಳೆದ ಊರಿನಲ್ಲಿ ನಾವಿಬ್ಬರು

ಜರ್ಮನಿಗೆ ಬಂದು ಇಪ್ಪತ್ತು ದಿನವಾದರೂ ನಮ್ಮೆಜಮಾನ್ರು ಕಾರು ಮ್ಯೂಸಿಯಂ ನೋಡಬೇಕು ಅನ್ನಲಿಲ್ಲ, ಅರಮನೆ ನೋಡಬೇಕು ಅನ್ನಲಿಲ್ಲ. ಅವರದು ಒಂದೇ ಹಟ: "ಟ್ಯೂಬಿಂಗನ್‌ಗೆ ಒಂದು ದಿನ ಹೋಗ್ಬರೋಣ ಕಣೇ."

ನಮ್ಮದು ಗುಂಡ್ಲುಪೇಟೆ ತಾಲ್ಲೂಕು, ಬಂಡೀಪುರ ಕಾಡಂಚಿನ ಹಳ್ಳಿ. ರಾತ್ರಿ 9ಕ್ಕೆ ಚೆಕ್‌ಪೋಸ್ಟ್ ಗೇಟು ಬಿತ್ತು ಅಂದರೆ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಆನೆ, ಜಿಂಕೆಗಳದ್ದು. ಅಲ್ಲಿನ ಶಾಲೆಯಲ್ಲಿ ಮೂವತ್ತೆರಡು ವರ್ಷ ಕನ್ನಡ ಮೇಷ್ಟ್ರಾಗಿದ್ದವರು ನಮ್ಮವರು. ಮಗ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್. ಕಳೆದ ಜೂನ್‌ನಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದ.

ಮೊಮ್ಮಗಳು ಅಲ್ಲೇ ಹುಟ್ಟಿದವಳು, ಈಗ ಆರು ವರ್ಷ. "ಬಾ ಕೂಸೇ, ಒಸಿ ಉಣ್ಣು" ಅಂದರೆ ಮಗು ನನ್ನ ಮುಖ ನೋಡುತ್ತಿರಲಿಲ್ಲ, ಅಪ್ಪನ ಮುಖ ನೋಡುತ್ತಿತ್ತು. ಅವನು ಜರ್ಮನ್‌ನಲ್ಲಿ ಹೇಳಿದ ಮೇಲೇ ಬಾಯಿ ತೆರೆಯೋದು. ಅಜ್ಜಿಗೂ ಮೊಮ್ಮಗಳಿಗೂ ಮಧ್ಯೆ ಒಬ್ಬ ದುಭಾಷಿ ಬೇಕಾಯ್ತಲ್ಲ ಅಂತ ಒಂದು ರಾತ್ರಿ ದಿಂಬಿಗೆ ಮುಖವಿಟ್ಟು ಅತ್ತೂಬಿಟ್ಟೆ. ಯಾರಿಗೂ ಹೇಳಲಿಲ್ಲ.

ಟ್ಯೂಬಿಂಗನ್ ಯಾಕೆ ಅಂತೀರಾ? ನಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನ ರೆವರೆಂಡ್ ಫರ್ಡಿನೆಂಡ್ ಕಿಟೆಲ್ 1903ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಧರ್ಮಪ್ರಚಾರಕ್ಕೆಂದು ಬಂದಾಗ ಅವರಿಗೆ ಬರೀ ಇಪ್ಪತ್ತೊಂದು ವರ್ಷ. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಓಡಾಡಿ, ವರ್ಷಗಟ್ಟಲೆ ದುಡಿದು, ಸುಮಾರು 70,000 ಪದಗಳ ನಿಘಂಟು ಮಾಡಿದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. "ಅವರು ಓಡಾಡಿದ ಬೀದೀಲಿ ಒಂದು ದಿನ ಓಡಾಡಿದ್ರೆ ಸಾಕು" ಅನ್ನೋದು ಮೇಷ್ಟ್ರ ಆಸೆ.

ಒಂದು ಬುಧವಾರ ಸೊಸೆ ನಮ್ಮನ್ನು ರೈಲು ಹತ್ತಿಸಿದಳು. ಸ್ಟುಟ್‌ಗಾರ್ಟ್‌ನಿಂದ ಸುಮಾರು ಒಂದು ಗಂಟೆಯ ಹಾದಿ. ಇಬ್ಬರೇ ಹೋಗುತ್ತಿರುವುದು, ಭಾಷೆ ಬೇರೆ ಬಾರದು. ಚೀಲದಲ್ಲಿ ಚಪಾತಿ, ಚಟ್ನಿಪುಡಿ, ಮಗನ ಫೋನ್ ನಂಬರ್ ಬರೆದ ಚೀಟಿ ಇಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಎಸ್ಲಿಂಗನ್ ಅನ್ನೋ ಫಲಕ ಕಂಡಿತು. ನಮ್ಮವರು ಸೀಟಿನಿಂದ ಎದ್ದೇ ನಿಂತರು. "ಮಂಗಳೂರ ಸಮಾಚಾರ ಶುರುಮಾಡಿದ ಮೊಗ್ಲಿಂಗ್ ತೀರಿಕೊಂಡದ್ದು ಇಲ್ಲೇ ಕಣೇ, 1881ರಲ್ಲಿ!" ಎದುರು ಕೂತಿದ್ದ ಅಜ್ಜ ಗಾಬರಿಯಾಗಿ ಕಿಟಕಿಯಾಚೆ ನೋಡಿದರು, ಏನೋ ಆಗಿದೆ ಅಂದುಕೊಂಡು.

ಟ್ಯೂಬಿಂಗನ್ ನೆಕ್ಕರ್ ನದಿಯ ದಡದ ಪುಟ್ಟ ಊರು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಬೀದಿ ತುಂಬಾ ಸೈಕಲ್ಲು, ಓದೋ ಹುಡುಗರು. ಹಳೇ ಪೇಟೆಯಲ್ಲಿ ಕಲ್ಲು ಹಾಸಿದ ಏರು ದಾರಿ, ನನ್ನ ಮಂಡಿ ಹೆಜ್ಜೆಹೆಜ್ಜೆಗೂ ದೂರು ಹೇಳುತ್ತಿತ್ತು. ಮಾರುಕಟ್ಟೆ ಚೌಕದ ಪುರಭವನ 1435ರದ್ದು. ಅದರ ನೆತ್ತಿಯಲ್ಲಿ ಗ್ರಹಗತಿ ತೋರಿಸುವ 1511ರ ಗಡಿಯಾರ. ನನಗೆ ಅದಕ್ಕಿಂತ ಮನೆಗಳು ಹಿಡಿಸಿದವು. ಮರದ ತೊಲೆಗಳ ಚೌಕಟ್ಟು ಕಟ್ಟಿ, ನಡುವೆ ತಡಿಕೆ ಹೆಣೆದು ಮಣ್ಣು ಮೆತ್ತುವ ಕ್ರಮವಂತೆ. "ನಮ್ಮಜ್ಜಿ ಮನೆ ತಡಿಕೆ ಗೋಡೆ ತರಾನೇ ಅಲ್ವೇನ್ರೀ" ಅಂದೆ. ನಾವು ಅದನ್ನು ಕೆಡವಿ ಸಿಮೆಂಟು ಹಾಕಿದೆವು, ಇವರು ಕಾಪಾಡಿಕೊಂಡು ಬಂದಿದ್ದಾರೆ.

ಗುಡ್ಡದ ಮೇಲೊಂದು ಕೋಟೆ. ಅದರ ಹಳೇ ಅಡುಗೆಮನೆಯಲ್ಲಿದ್ದ ಪ್ರಯೋಗಶಾಲೆಯಲ್ಲೇ 1869ರಲ್ಲಿ ಮೀಶರ್ ಅನ್ನುವ ವಿಜ್ಞಾನಿ, ಈಗ ನಾವು ಡಿಎನ್ಎ ಅನ್ನುತ್ತೇವಲ್ಲ, ಆ ವಸ್ತುವನ್ನು ಮೊದಲು ಕಂಡುಹಿಡಿದದ್ದು. ಹತ್ತಲಾರದೆ ಕೆಳಗಿನಿಂದಲೇ ಕೈಮುಗಿದೆ. ಚರ್ಚಿನ ಹತ್ತಿರ ಹಳೆಯದೊಂದು ಪುಸ್ತಕದಂಗಡಿ ಇದೆ, ಹೆಕೆನ್‌ಹೌವರ್ ಅಂತ. 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಕೆಲಸಕ್ಕಿದ್ದದ್ದು ಅಲ್ಲೇ. ಅವರ ತಾಯಿಯ ತಂದೆ ಮಲಯಾಳ ನಿಘಂಟು ಮಾಡಿದ ಗುಂಡರ್ಟ್. ನಮ್ಮ ಗಡಿಯಾಚೆಯ ಭಾಷೆಗೂ ಗಡಿಯೀಚೆಯ ಭಾಷೆಗೂ ಈ ಸೀಮೆಯ ನಂಟು ನೋಡಿ!

ನದಿಗೆ ಅಂಟಿಕೊಂಡಂತೆ ಹಳದಿ ಬಣ್ಣದ ಒಂದು ಗೋಪುರ. ಹೋಲ್ಡರ್ಲಿನ್ ಎಂಬ ದೊಡ್ಡ ಕವಿ ಮನಸ್ಸಿನ ಕಾಯಿಲೆಯಾಗಿ, 1807ರಿಂದ ಸಾಯುವವರೆಗೆ 36 ವರ್ಷ ಇಲ್ಲಿದ್ದರಂತೆ. ನೋಡಿಕೊಂಡದ್ದು ನೆಂಟರಲ್ಲ, ಒಬ್ಬ ಬಡಗಿಯ ಸಂಸಾರ. ಬಡಗಿ ತೀರಿಕೊಂಡ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು. ಕವಿ ಕಣ್ಮುಚ್ಚಿದ್ದು 1843ರ ಜೂನ್‌ನಲ್ಲಿ. "ಮುಂದಿನ ತಿಂಗಳು ಒಂದನೇ ತಾರೀಕು ಮಂಗಳೂರ ಸಮಾಚಾರ ಹೊರಬಂತು" ಅಂತ ನಮ್ಮವರು ಲೆಕ್ಕ ಹಾಕಿದರು. ನಾನು ಆ ಲೊಟ್ಟೆಯನ್ನೇ ನೆನೆಯುತ್ತಿದ್ದೆ. ಅಷ್ಟು ವರ್ಷ ಅರ್ಥವಾಗದ ಮಾತಾಡುವವನ ಜೊತೆ ಹೇಗೆ ಬಾಳಿದಳೋ.

ನದಿಯ ನಡುಗಡ್ಡೆಯಲ್ಲಿ ಸಾಲುಮರಗಳ ನೆರಳು. ಉದ್ದನೆ ಗಳ ಊರಿ ದೋಣಿ ನಡೆಸುವುದನ್ನು ನೋಡುತ್ತಾ ಚಪಾತಿ ಬಿಚ್ಚಿದೆವು. ಅಲ್ಲಿ ನನ್ನ ಸಂಕಟ ಹೊರಬಂತು. "ಎಲ್ಲಿಯವರೋ ಬಂದು ನಮ್ಮ ಮಾತು ಕಲಿತರು. ನಮ್ಮ ರಕ್ತ ಹಂಚಿಕೊಂಡ ಕೂಸಿಗೆ ಬರಲ್ವಲ್ರೀ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಿಟೆಲ್ ಬಂದಾಗ ಏನು ಮಾಡಿದ್ರು? ನೀವು ಜರ್ಮನ್ ಕಲೀರಿ ಅಂತ ಜನರ ಮೇಲೆ ಮುನಿಸ್ಕೊಂಡ್ರಾ? ತಾವೇ ಕೇಳ್ತಾ ಹೋದ್ರು, ಇದಕ್ಕೇನಂತೀರಿ, ಅದಕ್ಕೇನಂತೀರಿ ಅಂತ. ಇಪ್ಪತ್ತು ದಿನದಲ್ಲಿ ನೀನಾಗಲಿ ನಾನಾಗಲಿ ಆ ಮಗೂನ ಒಂದು ಮಾತು ಕೇಳಿದ್ವಾ?"

ಮೈಮೇಲೆ ತಣ್ಣೀರು ಸುರಿದಂತಾಯಿತು. ಹೌದಲ್ಲ! ಅವಳಿಗೆ ಕನ್ನಡ ಬರೋದಿಲ್ಲ ಅಂತ ಅತ್ತೆನೇ ಹೊರತು, ಅವಳ ಮಾತು ನನಗೆ ಬರೋದಿಲ್ಲ ಅನ್ನೋದು ಹೊಳೆದೇ ಇರಲಿಲ್ಲ.

ಪಕ್ಕದ ಬೆಂಚಿನಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸು ಕೂತಿದ್ದರು. ಧೈರ್ಯಮಾಡಿ ನೀರಿನಲ್ಲಿದ್ದ ಬಾತುಕೋಳಿಯ ಕಡೆ ಬೆರಳು ತೋರಿಸಿ ಹುಬ್ಬೇರಿಸಿದೆ. ಆಕೆ ನಕ್ಕು, "ಎಂಟೆ" ಅಂದರು. ನಾನು ಎಣಿಸಿದೆ, ಇದ್ದದ್ದು ಮೂರೇ! ಬಾತುಕೋಳಿಗೇ ಅವರು ಎಂಟೆ ಅನ್ನೋದು ಅಂತ ನಮ್ಮವರು ಬಿಡಿಸಿ ಹೇಳಿದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಕೆಯೂ ಯಾಕೆಂದು ತಿಳಿಯದೆ ನಕ್ಕರು. ಹೊರಡುವಾಗ ಮಳೆ ಹನಿಯಿತು. ಆಕೆ ಆಕಾಶ ತೋರಿಸಿ, "ರೇಗನ್" ಅಂದರು. ಮಳೆ ರೇಗಿದ ಹಾಗೆ ಅಂತ ನೆನಪಿಟ್ಟುಕೊಂಡೆ.

ಸಂಜೆ ಮನೆಗೆ ಬಂದು, ದಾರಿಯಲ್ಲಿ ಆರಿಸಿದ ಒಂದು ಎಲೆಯನ್ನು ಮೊಮ್ಮಗಳ ಮುಂದೆ ಹಿಡಿದು ಹುಬ್ಬೇರಿಸಿದೆ. "ಬ್ಲಾಟ್" ಅಂದಳು. ನಾನೂ "ಬ್ಲಾಟ್" ಅಂದೆ. ನನ್ನ ಉಚ್ಚಾರಕ್ಕೆ ಬಿದ್ದು ಬಿದ್ದು ನಕ್ಕಳು, ಮೂರು ಸಲ ಹೇಳಿಸಿ ತಿದ್ದಿದಳು. ಆಮೇಲೆ ತಾನೇ ಎಲೆ ಹಿಡಿದು ಹುಬ್ಬೇರಿಸಿದಳು, ನನ್ನ ಸರದಿ ಅನ್ನುವಂತೆ. "ಎಲೆ" ಅಂದೆ. ಅವಳೂ "ಎಲೆ" ಅಂದಳು. ಮೇಷ್ಟ್ರು ಎರಡು ಗೆರೆಯ ಪುಸ್ತಕ ತೆಗೆದು ಬರೆಯಲು ಕೂತರು. ವಾಪಸು ಹೊರಡುವ ಹೊತ್ತಿಗೆ ಅದರಲ್ಲಿ ಅರವತ್ತಮೂರು ಮಾತುಗಳಿದ್ದವು. ಕಿಟೆಲ್ ಅವರ 70,000ಕ್ಕೆ ಅದೆಲ್ಲಿ ಸಾಟಿ, ಬಿಡಿ.

ಈಗ ಗುಂಡ್ಲುಪೇಟೆಯಲ್ಲಿದ್ದೇವೆ. ಭಾನುವಾರ ವಿಡಿಯೋ ಕಾಲ್. ಮೊನ್ನೆ ಮಗ ಅವಳನ್ನು ಕೆರೆಯ ಹತ್ತಿರ ಕರೆದುಕೊಂಡು ಹೋಗಿದ್ದ. ನಡುವೆ ಅಪ್ಪನ ದುಭಾಷಿತನ ಇಲ್ಲ. ಫೋನನ್ನು ತಾನೇ ಕಸಿದುಕೊಂಡು ನೀರಿನ ಕಡೆ ತಿರುಗಿಸಿ ಕೂಗಿದಳು:

"ಅಜ್ಜೀ, ಎಂಟು ಎಂಟೆ!"

ಎಣಿಸಿದೆ. ಸರಿಯಾಗಿ ಎಂಟೇ ಇದ್ದವು.